ಎರಡು ವಾರ ಸ್ಪೇನ್‌ಗೆ ಕಳಿಸಿದರೆ ಮಗಳಿಗೆ ಸ್ಪ್ಯಾನಿಷ್ ಬರುತ್ತದಾ?

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಬರುವ ಮೇ ತಿಂಗಳಲ್ಲಿ ಶಾಲೆಯವರು 22 ಮಕ್ಕಳನ್ನು ಎರಡು ವಾರ ಸ್ಪೇನ್‌ನ ಸಲಮಾಂಕಾ ಎಂಬ ಊರಿಗೆ ಭಾಷೆ ಕಲಿಯಲು ಕರೆದುಕೊಂಡು ಹೋಗುತ್ತಾರಂತೆ. ಬೆಳಗ್ಗೆ ಕ್ಲಾಸು, ಉಳಿಯುವುದು ಅಲ್ಲಿಯವರ ಮನೆಗಳಲ್ಲಿ. ಖರ್ಚು ಮೂರು ಲಕ್ಷ ದಾಟುತ್ತದೆ. ನಾವು ಮೊಟ್ಟೆ ಕೂಡ ತಿನ್ನದವರು. ಇಷ್ಟು ದುಡ್ಡಿಗೆ ಎರಡು ವಾರದಲ್ಲಿ ಏನು ಕಲಿಯುತ್ತಾಳೆ, ಅಥವಾ ಇದು ಸುಮ್ನೆ ಒಂದು ಟೂರಾ? ಯಜಮಾನರಿಗೆ ಮನಸ್ಸಿಲ್ಲ. ಮಗಳು ಮುಖ ಊದಿಸಿಕೊಂಡು ಕೂತಿದ್ದಾಳೆ. ಏನು ಮಾಡಲಿ?

ಉತ್ತರ: ಯಜಮಾನರ ಅನುಮಾನ ಸರಿಯಾಗಿಯೇ ಇದೆ. ಎರಡು ವಾರದಲ್ಲಿ ಭಾಷೆ ಬರುವುದಿಲ್ಲ. ಬರುತ್ತದೆ ಎಂದು ಬ್ರೋಷರ್‌ನಲ್ಲಿ ಬರೆದಿದ್ದರೆ ಆ ಸಾಲಿನ ಮೇಲೆ ಒಂದು ಗೀಟು ಎಳೆದುಬಿಡಿ.

ಲೆಕ್ಕ ಹಾಕಿ ನೋಡೋಣ. ಇಂಥ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಪೀರಿಯಡ್ ಇರುತ್ತದೆ, ದಿನಕ್ಕೆ ನಾಲ್ಕು. ಎರಡು ವಾರಕ್ಕೆ 40. ಯುರೋಪಿನಲ್ಲಿ ಭಾಷೆಯ ಮಟ್ಟವನ್ನು ಎ1, ಎ2, ಬಿ1 ಎಂದು ಮೆಟ್ಟಿಲು ಮಾಡಿ ಅಳೆಯುತ್ತಾರೆ. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹೋಗಲು ನೂರು ಗಂಟೆ, ಮೇಲೆ ಹೋದ ಹಾಗೆ ಇನ್ನೂ ಜಾಸ್ತಿ ಪಾಠ ಬೇಕು. ಅಂದರೆ ಎರಡು ವಾರ ಎಂದರೆ ಅರ್ಧ ಮೆಟ್ಟಿಲೂ ಇಲ್ಲ. ಬರೀ ಪಾಠಕ್ಕೇ ಹೋಗುವುದಾದರೆ ಇಲ್ಲೇ ಮನೆಗೆ ಬರುವ ಟೀಚರ್ ಇಟ್ಟುಕೊಳ್ಳಿ. ಆ ದುಡ್ಡಿನ ಕಾಲು ಭಾಗವೂ ಬೇಡ.

ಆದರೂ ನಾನು ಕಳಿಸಿ ಎನ್ನುವವನು. ಒಂದು ಷರತ್ತಿನ ಮೇಲೆ. ಆ ಷರತ್ತಿಗೂ ಕ್ಲಾಸಿಗೂ ಸಂಬಂಧವೇ ಇಲ್ಲ. ಅವಳು ಯಾರ ಮನೆಯಲ್ಲಿ, ಎಷ್ಟು ಜನರ ಜೊತೆ ಇರುತ್ತಾಳೆ ಅನ್ನುವುದೇ ಆ ಷರತ್ತು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಸ್ಪ್ಯಾನಿಷ್ ಮೇಷ್ಟ್ರಾಗಿ ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಅಪ್ಪ ಅಮ್ಮಂದಿರ ಸಮಾಧಾನಕ್ಕೆ ಒಂದೊಂದು ಮನೆಗೆ ನಾಲ್ಕು ನಾಲ್ಕು ಮಕ್ಕಳನ್ನು ಹಾಕಿಸಿದ್ದೆ. "ಜೊತೆಗಿದ್ದರೆ ಧೈರ್ಯ" ಎಂದು ಎಲ್ಲರೂ ತಲೆಯಾಡಿಸಿದರು. ಮೂರನೇ ದಿನ ಒಂದು ಮನೆಗೆ ಹೋಗಿ ನೋಡಿದರೆ, ನಾಲ್ಕೂ ಹುಡುಗರು ರೂಮಿನ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಐಪಿಎಲ್ ನೋಡುತ್ತಿದ್ದಾರೆ. ಹಾಲ್‌ನಲ್ಲಿ ಮನೆಯೊಡತಿ ಟೇಬಲ್ ಮೇಲೆ ಐದು ತಟ್ಟೆ ಇಟ್ಟು ಒಬ್ಬರೇ ಕೂತಿದ್ದಾರೆ. ಆಯಮ್ಮ ನನ್ನನ್ನು ನೋಡಿ ಭುಜ ಕುಣಿಸಿ ನಕ್ಕರು ಅಷ್ಟೆ. ಆ ಹುಡುಗರು ಸ್ಪೇನ್‌ಗೆ ಹೋಗಿ ಎರಡು ವಾರ ಬೆಂಗಳೂರಿನಲ್ಲೇ ಇದ್ದು ಬಂದರು.

ಆಮೇಲಿನಿಂದ ಒಂದು ಮನೆಗೆ ಇಬ್ಬರೇ. ಆ ಇಬ್ಬರೂ ಜೀವದ ಗೆಳತಿಯರಾಗಿರಬಾರದು. ಒಂದೇ ತರಗತಿಯವರಾದರೂ ದಿನಾ ಒಟ್ಟಿಗೆ ಹರಟದವರಾದರೆ ಒಳ್ಳೆಯದು. ಒಬ್ಬಳನ್ನೇ ಬಿಡುವುದು ಈ ವಯಸ್ಸಿಗೆ ಜಾಸ್ತಿಯಾಯಿತು. ಮೂವರಾದರೆ ಇಬ್ಬರು ಒಂದಾಗಿ ಮೂರನೆಯವಳು ಅಳುತ್ತಾಳೆ. ಇದು ಸ್ಪೇನ್‌ನ ವಿಷಯ ಅಲ್ಲ, ಹದಿನಾಲ್ಕರ ವಯಸ್ಸಿನ ವಿಷಯ.

ಶಾಲೆಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಮನೆಗೆ ಎಷ್ಟು ಮಕ್ಕಳು? ಎರಡನೆಯದು: 22 ಜನರನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸುತ್ತಾರಾ, ಅಥವಾ ಬೇರೆ ದೇಶದಿಂದ ಬಂದವರ ಜೊತೆ ಬೆರೆಸುತ್ತಾರಾ? ಅಲ್ಲಿನ ಭಾಷಾ ಶಾಲೆಗಳಲ್ಲಿ ಸಾಮಾನ್ಯವಾಗಿ ಸೋಮವಾರ ಬೆಳಗ್ಗೆ ಒಂದು ಪರೀಕ್ಷೆ ಕೊಟ್ಟು, ಮಟ್ಟ ನೋಡಿ ಕ್ಲಾಸಿಗೆ ಹಂಚುತ್ತಾರೆ. ಗುಂಪಿನಲ್ಲಿ ಬಂದವರಿಗೆ ಮಾತ್ರ "ನಿಮಗೇ ಪ್ರತ್ಯೇಕ ಕ್ಲಾಸ್" ಎಂದು ಕೊಡುವುದೂ ಇದೆ. ಅದು ವಿಶೇಷ ಸೌಲಭ್ಯದ ಹಾಗೆ ಕೇಳಿಸುತ್ತದೆ, ಆದರೆ ಮಕ್ಕಳಿಗೆ ನಷ್ಟ. ಪಕ್ಕದಲ್ಲಿ ಒಬ್ಬ ಜರ್ಮನ್ ಹುಡುಗನೋ ಇಟಲಿಯ ಹುಡುಗಿಯೋ ಕೂತರೆ ಬಿಡುವಿನಲ್ಲೂ ಸ್ಪ್ಯಾನಿಷ್ ಆಡಲೇಬೇಕು. ಎಲ್ಲರೂ ಬೆಂಗಳೂರಿನವರೇ ಆದರೆ ಬೆಲ್ ಹೊಡೆದ ತಕ್ಷಣ ಇಂಗ್ಲಿಷು.

ಹಾಗಾದರೆ ಎರಡು ವಾರದಲ್ಲಿ ಆಗುವುದೇನು? ಒಂದು ಉದಾಹರಣೆ ಹೇಳುತ್ತೇನೆ.

ನನ್ನ ಜೊತೆ ಬಂದಿದ್ದ ಒಬ್ಬ ಹುಡುಗಿ ಪರೀಕ್ಷೆಯಲ್ಲಿ ಯಾವಾಗಲೂ ತೊಂಬತ್ತರ ಮೇಲೆ. ಬಾಯಿ ಮಾತ್ರ ತೆಗೆಯುವುದಿಲ್ಲ. ನಾಲ್ಕನೇ ದಿನ ಮನೆಯೊಡತಿ ಅವಳ ಕೈಗೆ ಚಿಲ್ಲರೆ ಕೊಟ್ಟು, ಮೂಲೆ ಬೇಕರಿಯಿಂದ ಒಂದು ಬ್ರೆಡ್ ತಾ ಎಂದು ಕಳಿಸಿದರು. ಅಲ್ಲಿ ಬ್ರೆಡ್ ಎಂದರೆ ಉದ್ದ ಕೋಲಿನ ಹಾಗಿರುವುದು, ಅದಕ್ಕೆ ಬಾರ್ರಾ ಎನ್ನುತ್ತಾರೆ. ಹುಡುಗಿ ದಾರಿಯುದ್ದಕ್ಕೂ ಪುಸ್ತಕದ ವಾಕ್ಯ ಉರುಹೊಡೆದುಕೊಂಡು ಹೋದಳು: "ದಯವಿಟ್ಟು ನಾನು ಒಂದು ಬ್ರೆಡ್ಡನ್ನು ಕೊಳ್ಳಲು ಇಚ್ಛಿಸುತ್ತೇನೆ" ಅನ್ನುವ ಧಾಟಿಯದು. ಅಂಗಡಿಯಲ್ಲಿ ಅವಳ ಮುಂದಿದ್ದ ಅಜ್ಜಿ "ಮೇ ಪೋನೆಸ್ ಉನಾ ಬಾರ್ರಾ?" ಎಂದು ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಸಿದರು. ಇವಳ ಸರದಿ ಬಂತು. ಉರುಹೊಡೆದದ್ದೆಲ್ಲ ಬಿಟ್ಟು ಅಜ್ಜಿ ಹೇಳಿದ್ದನ್ನೇ ಹೇಳಿದಳು. ಬ್ರೆಡ್ ಸಿಕ್ಕಿತು. ಸಂಜೆ ಬಂದು ನನಗೆ ಕೇಳಿದಳು: "ಸರ್, ಪೋನೆಸ್ ಅಂದ್ರೆ ಇಡೋದು, ಹಾಕೋದು ಅಲ್ವಾ? ನಮ್ಮ ದರ್ಶಿನಿಯಲ್ಲಿ 'ಎರಡು ಇಡ್ಲಿ ಹಾಕಿ' ಅಂತೀವಲ್ಲ, ಹಾಗೇ ಇದು!"

ಹೌದು, ಹಾಗೇ. ಎರಡು ವರ್ಷ ನಾನು ಬೋರ್ಡಿನ ಮೇಲೆ ಬರೆದು ತಲುಪಿಸಲಾಗದ್ದನ್ನು ಒಂದು ಬೇಕರಿ ಕ್ಯೂ ತಲುಪಿಸಿತು. ಅಂಗಡಿಯಲ್ಲಿ ನಾವು "ದಯವಿಟ್ಟು" ಅನ್ನುತ್ತೇವಾ? ಸ್ಪೇನ್‌ನವರೂ ಮಾತು ಮಾತಿಗೆ ಅನ್ನುವುದಿಲ್ಲ. ಧ್ವನಿಯಲ್ಲೇ ಮರ್ಯಾದೆ ಇರುತ್ತದೆ. ಅದು ಪುಸ್ತಕದಲ್ಲಿ ಸಿಗುವುದಿಲ್ಲ.

ಆಗುವುದು ಇದು: ಕಿವಿ ಬಿಚ್ಚಿಕೊಳ್ಳುತ್ತದೆ, ನಾಚಿಕೆ ಹೋಗುತ್ತದೆ. ಮೊದಲ ಮೂರು ದಿನ ಜನ ಮಾತಾಡುವ ವೇಗಕ್ಕೆ ತಲೆ ಗಿರ್ ಅನ್ನುತ್ತದೆ. ಐದನೇ ದಿನದ ಹೊತ್ತಿಗೆ ಪದಗಳು ಬಿಡಿಬಿಡಿಯಾಗಿ ಕೇಳಿಸತೊಡಗುತ್ತವೆ. ನಾವು ವಾಕ್ಯಕ್ಕೆ ಎರಡು ಸಲ "ಸರಿ" ಅನ್ನುವ ಹಾಗೆ ಅವರು "ವಾಲೆ" ಅನ್ನುವುದು ಗೊತ್ತಾಗುತ್ತದೆ. ವಾಪಸ್ ಬಂದ ಮಕ್ಕಳ ಅಂಕ ಅಷ್ಟೇನೂ ಏರುವುದಿಲ್ಲ. ಆದರೆ ಕ್ಲಾಸಿನಲ್ಲಿ ತಪ್ಪಾದರೂ ಪರವಾಗಿಲ್ಲ ಎಂದು ಬಾಯಿ ತೆಗೆಯುತ್ತಾರೆ. ಭಾಷೆ ಕಲಿಯುವವರಿಗೆ ಅದಕ್ಕಿಂತ ದೊಡ್ಡ ಬಂಡವಾಳ ಇಲ್ಲ.

ಆದರೆ ಇದು ಆಗಬೇಕಾದರೆ ಹೋಗುವ ಮೊದಲೇ ಸ್ವಲ್ಪ ಸರಕು ತಲೆಯಲ್ಲಿರಬೇಕು. ಎ1 ಮುಗಿಸಿ ಎ2 ನಡುವಿನಲ್ಲಿರುವ ಮಗುವಿಗೆ ಈ ಪ್ರವಾಸದಿಂದ ಸಿಗುವಷ್ಟು ಲಾಭ ಬೇರೆ ಯಾರಿಗೂ ಸಿಗುವುದಿಲ್ಲ. ಎರಡು ವರ್ಷ ಸರಿಯಾಗಿ ಕಲಿತಿದ್ದರೆ ನಿಮ್ಮ ಮಗಳು ಅಲ್ಲೇ ಎಲ್ಲೋ ಇರಬೇಕು. ಒಂದು ಸಣ್ಣ ಪರೀಕ್ಷೆ ಮಾಡಿ. ನಿನ್ನೆ ಏನೇನು ಮಾಡಿದೆ ಎಂದು ಐದು ನಿಮಿಷ ನಿಲ್ಲಿಸದೆ ಸ್ಪ್ಯಾನಿಷ್‌ನಲ್ಲಿ ಹೇಳಲು ಹೇಳಿ. ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ನಿಲ್ಲುತ್ತಾಳಾ ಅನ್ನುವುದನ್ನಷ್ಟೇ ನೋಡಿ. ಮೂವತ್ತು ಸೆಕೆಂಡಿಗೇ ನಿಂತುಬಿಟ್ಟರೆ ಮೇ ತಿಂಗಳವರೆಗೆ ಕೆಲಸ ಇದೆ ಎಂದರ್ಥ.

ಆ ಕೆಲಸಕ್ಕೆ ಅವಳ ಕನ್ನಡ ಎಷ್ಟು ಸಹಾಯಕ್ಕೆ ಬರುತ್ತದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಬೆಂಗಳೂರಿನ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುವುದು ಇಂಗ್ಲಿಷ್ ಮೂಲಕ. ಅಲ್ಲೇ ಎಡವಟ್ಟು. ಇಂಗ್ಲಿಷ್ ದಾರಿಯಲ್ಲಿ ಹೋಗಿ ಮಕ್ಕಳು ಮುಗ್ಗರಿಸುವ ಎಷ್ಟೋ ಕಡೆ ಕನ್ನಡದ ದಾರಿ ನೇರವಾಗಿದೆ.

ಉಚ್ಚಾರಣೆ ತೆಗೆದುಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ: ಅ, ಎ, ಇ, ಒ, ಉ. ಬರೆದ ಹಾಗೇ ಓದುವುದು. ತಕಾರ, ದಕಾರ ನಮ್ಮ ತ, ದ ಹಾಗೇ ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವುದು. ಇಂಗ್ಲಿಷಿನ ಟ, ಡ ಅಲ್ಲ. "ನನ್ನ ಹತ್ತಿರ ಇದೆ" ಅನ್ನಲು ತೆಂಗೋ ಎನ್ನಬೇಕು. ನಮ್ಮ ಮಕ್ಕಳು ಇಂಗ್ಲಿಷ್ ಧಾಟಿಯಲ್ಲಿ "ಟೆಂಗೌ" ಎಂದು ಎಳೆಯುತ್ತಾರೆ. ತೆಂಗು ಅನ್ನೋಕೆ ಬರುತ್ತಲ್ಲ, ಕೊನೆಗೆ ಒಂದು ಓ ಹಾಕು ಅನ್ನುತ್ತೇನೆ. ತಕ್ಷಣ ಸರಿಹೋಗುತ್ತದೆ. ಗಟ್ಟಿ ರಕಾರವೂ ಹಾಗೇ. ಹಳಗನ್ನಡದಲ್ಲಿ ಎರಡು ಬಗೆಯ ರ ಇತ್ತು, ಒಂದನ್ನು ಬಿಟ್ಟುಬಿಟ್ಟೆವು. ಸ್ಪ್ಯಾನಿಷ್‌ನಲ್ಲಿ ಎರಡೂ ಉಳಿದಿವೆ. ಪೆರೋ ಎಂದರೆ "ಆದರೆ", ಪೆರ್ರೋ ಎಂದರೆ ನಾಯಿ. ಕಷ್ಟ ಆಗುವುದು ಒಂದೇ ಸದ್ದು. ಸ್ಪೇನ್‌ನ ಹೆಚ್ಚಿನ ಕಡೆ ಗ್ರಾಸಿಯಾಸ್ (ಥ್ಯಾಂಕ್ಸ್) ಎನ್ನುವಾಗ ನಡುವಿನ ಸಕಾರವನ್ನು ನಾಲಿಗೆ ತುದಿ ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಟ್ಟು ಹೇಳುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ಮಾಮೂಲಿ ಸ. ಎರಡೂ ಸರಿಯೇ, ಮಕ್ಕಳಿಗೆ ಬಲವಂತ ಬೇಡ.

ವ್ಯಾಕರಣದಲ್ಲಿ ಇನ್ನೂ ಚೆನ್ನಾಗಿದೆ. "ನನಗೆ ಮಾವಿನಹಣ್ಣು ಇಷ್ಟ" ಅನ್ನುತ್ತೇವೆ. ನಾನು ಅಲ್ಲ, ನನಗೆ. ಸ್ಪ್ಯಾನಿಷ್‌ನಲ್ಲೂ "ಮೇ ಗುಸ್ತಾ ಎಲ್ ಮಾಂಗೋ", ಅದೇ ಚತುರ್ಥಿ ವಿಭಕ್ತಿ. ಇಂಗ್ಲಿಷಿನಿಂದ ಬರುವ ಮಗು "ಯೋ ಗುಸ್ತೋ" ಎಂದು ತಪ್ಪು ಮಾಡುತ್ತದೆ, ವರ್ಷಗಟ್ಟಲೆ ಮಾಡುತ್ತದೆ. ಕನ್ನಡದಲ್ಲಿ ಯೋಚಿಸಿದರೆ ಆ ತಪ್ಪೇ ಇಲ್ಲ. ಕ್ರಿಯಾಪದದ ಕೊನೆಯಲ್ಲೇ ಯಾರು ಎಂದು ಗೊತ್ತಾಗುವುದರಿಂದ ಮಾತು ಮಾತಿಗೆ "ನಾನು ನಾನು" ಅನ್ನಬೇಕಾಗಿಲ್ಲ. ಆಬ್ಲೋ ಎಂದರೆ ಸಾಕು, "ಮಾತಾಡುತ್ತೇನೆ" ಎಂದಷ್ಟೇ ನಾವು ಹೇಳುವ ಹಾಗೆ.

ಎಲ್ಲರ ತಲೆ ತಿನ್ನುವುದು ಸೆರ್ ಮತ್ತು ಎಸ್ತಾರ್. ಎರಡಕ್ಕೂ "ಇರು" ಎಂದೇ ಅರ್ಥ, ಯಾವುದು ಎಲ್ಲಿ ಎನ್ನುವುದು ತಲೆನೋವು. ಇದಕ್ಕೆ ನಾನು ಅಲ್ಲ-ಇಲ್ಲ ಉಪಾಯ ಹೇಳಿಕೊಡುತ್ತೇನೆ. ವಾಕ್ಯವನ್ನು ಕನ್ನಡದಲ್ಲಿ ಉಲ್ಟಾ ಮಾಡಿ ನೋಡು. "ಅಪ್ಪ ಡಾಕ್ಟರ್ ಅಲ್ಲ" ಎಂದು ಬಂದರೆ ಸೆರ್: ನೋ ಎಸ್ ಮೇದಿಕೋ. "ಅಪ್ಪ ಮನೇಲಿ ಇಲ್ಲ" ಎಂದು ಬಂದರೆ ಎಸ್ತಾರ್: ನೋ ಎಸ್ತಾ ಎನ್ ಕಾಸಾ. ನೂರಕ್ಕೆ ನೂರು ಕೂಡಿಬರುವುದಿಲ್ಲ. "ಅವಳು ಎತ್ತರ ಇಲ್ಲ" ಅನ್ನುವಲ್ಲಿ ಸ್ಪ್ಯಾನಿಷ್‌ಗೆ ಸೆರ್ ಬೇಕು. ಆದರೂ ಕತ್ತಲಲ್ಲಿ ಕೈ ಹಿಡಿದು ನಡೆಸುವಷ್ಟು ಸಾಕು. ಕನ್ನಡ ಸಹಾಯಕ್ಕೆ ಬಾರದಿರುವುದು ಲಿಂಗದಲ್ಲಿ. ನಮಗೆ ಮೇಜೂ ಪುಸ್ತಕವೂ "ಅದು". ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಅಲ್ಲಿ ಅವಳ ಹಿಂದಿ ನೆರವಿಗೆ ಬರಲಿ.

ಒಂದು ತಮಾಷೆ ಮೊದಲೇ ಹೇಳಿಬಿಡುತ್ತೇನೆ. ಸ್ಪ್ಯಾನಿಷ್‌ನಲ್ಲೂ ನೀನು-ನೀವು ಇದೆ, ತೂ ಮತ್ತು ಉಸ್ತೇದ್. ನಮ್ಮ ಮಕ್ಕಳು ಅರವತ್ತು ವರ್ಷದ ಮನೆಯೊಡತಿಗೆ ಉಸ್ತೇದ್ ಅನ್ನುತ್ತಾರೆ. ಆದರೆ ಈಗಿನ ಸ್ಪೇನ್‌ನಲ್ಲಿ ಮನೆಮಂದಿಗೆಲ್ಲ ತೂ. "ನನ್ನನ್ನು ಮುದುಕಿ ಮಾಡ್ಬೇಡ್ವೇ" ಎನ್ನುವ ಹಾಗೆ ಅವರೇ ತಿದ್ದುತ್ತಾರೆ. ದೊಡ್ಡವರನ್ನು ನೀನು ಅನ್ನುವಾಗ ನಮ್ಮ ಮಕ್ಕಳ ನಾಲಿಗೆ ತಡವರಿಸುವುದನ್ನು ನೋಡಬೇಕು. ಪಾಪ, ಎರಡನೇ ವಾರದವರೆಗೂ ಹೊರಳುವುದಿಲ್ಲ.

ಊರಿನ ಆಯ್ಕೆ ಬಗ್ಗೆ ಶಾಲೆಯವರಿಗೆ ಪೂರ್ತಿ ಅಂಕ. ಮ್ಯಾಡ್ರಿಡ್, ಬಾರ್ಸಿಲೋನಾ ಎಂದಿದ್ದರೆ ನಾನು ಹಿಂದೆಮುಂದೆ ನೋಡುತ್ತಿದ್ದೆ. ದೊಡ್ಡ ಊರು, ಮೆಟ್ರೋ, ಜೇಬುಗಳ್ಳರು. ಬಾರ್ಸಿಲೋನಾದಲ್ಲಿ ಬೀದಿ ಬೋರ್ಡುಗಳೇ ಕತಲಾನ್ ಎಂಬ ಬೇರೆ ಭಾಷೆಯಲ್ಲಿ. ಸಲಮಾಂಕಾ ಮ್ಯಾಡ್ರಿಡ್‌ನಿಂದ 200 ಕಿಲೋಮೀಟರ್ ಚಿಲ್ಲರೆ, ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ಹಳೇ ಊರನ್ನು ನಡೆದೇ ಮುಗಿಸಬಹುದು. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ. ಊರು ಬದುಕುವುದೇ ವಿದ್ಯಾರ್ಥಿಗಳಿಂದ. ಹಾಗಾಗಿ ಹೊರಗಿನ ಮಕ್ಕಳು ತೊದಲಿದರೆ ಅಂಗಡಿಯವರು ತಾಳ್ಮೆಯಿಂದ ಕಾಯುತ್ತಾರೆ.

ಭಾಷೆ ಕಲಿಯುವವರಿಗೆ ಆ ಊರಿನ ಮಣ್ಣಿಗೂ ಒಂದು ಅರ್ಥ ಇದೆ. ಸ್ಪ್ಯಾನಿಷ್‌ಗೆ ಮೊದಲ ವ್ಯಾಕರಣ ಅಚ್ಚಾದದ್ದು ಸಲಮಾಂಕಾದಲ್ಲೇ, 1492ರಲ್ಲಿ. ಬರೆದವನು ಅಂತೋನಿಯೋ ದೆ ನೆಬ್ರಿಹಾ. ಕೊಲಂಬಸ್ ಹಡಗು ಹತ್ತಿದ್ದೂ ಅದೇ ವರ್ಷ, ಅದೇ ಆಗಸ್ಟ್ ತಿಂಗಳು. (ನಮ್ಮ ಕೇಶಿರಾಜ ಕನ್ನಡಕ್ಕೆ ಕನ್ನಡದಲ್ಲೇ ವ್ಯಾಕರಣ ಬರೆದದ್ದು 13ನೇ ಶತಮಾನದಲ್ಲಿ. ಮನೆಯೊಡತಿಗೆ ಹೇಳಿಕೊಳ್ಳಲು ಮಗಳಿಗೆ ಒಂದು ವಾಕ್ಯ ಕಲಿಸಿಕೊಡಿ, ಊಟದ ಟೇಬಲ್ಲಿನಲ್ಲಿ ಮಾತು ಬೆಳೆಯುತ್ತದೆ.)

ವಿಶ್ವವಿದ್ಯಾಲಯದ ಹಳೇ ಮುಂಬಾಗಿಲ ಕೆತ್ತನೆಯಲ್ಲಿ ಒಂದು ತಲೆಬುರುಡೆಯ ಮೇಲೆ ಪುಟ್ಟ ಕಪ್ಪೆ ಕೂತಿದೆ. ಯಾರೂ ತೋರಿಸದೆ ಅದನ್ನು ಕಂಡುಹಿಡಿದ ವಿದ್ಯಾರ್ಥಿ ಪಾಸಾಗುತ್ತಾನೆ ಎಂಬ ನಂಬಿಕೆ. ಕೆಥೆಡ್ರಲ್ ಬಾಗಿಲಲ್ಲಿ ಒಬ್ಬ ಗಗನಯಾತ್ರಿಯೂ ಇದ್ದಾನೆ! 1992ರಲ್ಲಿ ದುರಸ್ತಿ ಮಾಡುವಾಗ ಕೆತ್ತಿದ್ದು. ಮಕ್ಕಳನ್ನು ಗೈಡ್ ಹಿಂದೆ ಸಾಲಾಗಿ ನಡೆಸುವ ಬದಲು ಇಬ್ಬಿಬ್ಬರನ್ನಾಗಿ ಬಿಟ್ಟು, ದಾರಿಯಲ್ಲಿ ಹೋಗುವವರನ್ನು ಕೇಳಿಕೊಂಡೇ ಕಪ್ಪೆ ಹುಡುಕಿ ಬನ್ನಿ ಅನ್ನುವ ಮೇಷ್ಟ್ರು ಒಳ್ಳೆಯ ಮೇಷ್ಟ್ರು. ಪ್ಲಾಸಾ ಮಾಯೋರ್ ಎಂಬ ದೊಡ್ಡ ಚೌಕದಲ್ಲಿ ಗಡಿಯಾರ ಇದೆ. ಅಲ್ಲಿಯವರೆಲ್ಲ ಪರಸ್ಪರ ಭೇಟಿಯಾಗುವುದು "ಗಡಿಯಾರದ ಕೆಳಗೆ". ಗುಂಪಿನ ಮಕ್ಕಳಿಗೂ ಸಂಜೆ ಸೇರುವ ಜಾಗ ಅದೇ ಆಗಲಿ.

ಈಗ ನಿಮ್ಮ ನಿಜವಾದ ಚಿಂತೆ, ಊಟ.

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಮೊಟ್ಟೆಯೂ ತಿನ್ನದವರಿಗೆ ಆ ಸೀಮೆಯಲ್ಲಿ ಕಷ್ಟ. ಅದು ಹಂದಿಮಾಂಸದ ನಾಡು. ಒಣಗಿಸಿದ ಹಂದಿ ತೊಡೆಗೆ ಹಮೋನ್ ಎನ್ನುತ್ತಾರೆ. ಬಟಾಣಿ ಪಲ್ಯಕ್ಕೂ ನಾಲ್ಕು ಚೂರು ಹಾಕುತ್ತಾರೆ, ನಾವು ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ. ಬೇಳೆ ಸಾರಿನಲ್ಲಿ ಚೊರೀಸೋ ಎಂಬ ಮಾಂಸದ ತುಂಡು ತೇಲುತ್ತಿರುತ್ತದೆ. ರಾತ್ರಿಗೆ ಸುಲಭದ ಅಡುಗೆ ಎಂದರೆ ತೊರ್ತಿಯಾ, ಆಲೂಗೆಡ್ಡೆ ಹಾಕಿದ ದಪ್ಪ ಮೊಟ್ಟೆ ದೋಸೆ. "ನಾನು ವೆಜಿಟೇರಿಯನ್" ಅಂದರೆ ಅರ್ಥವಾಗುತ್ತದೆ, ಆದರೆ ಅವರ ಅರ್ಥ ಬೇರೆ. ನನ್ನ ವಿದ್ಯಾರ್ಥಿನಿ ಒಬ್ಬಳಿಗೆ ಮೊದಲ ದಿನ ಪ್ರೀತಿಯಿಂದ ದೊಡ್ಡ ಬಟ್ಟಲು ಸಲಾಡ್ ಬಂತು. ಮೇಲೆ ಟ್ಯೂನಾ ಮೀನು. "ಮಾಂಸ ಅಲ್ವಲ್ಲ, ಮೀನು ತಾನೇ" ಎಂದು ಮನೆಯೊಡತಿಗೆ ನಿಜಕ್ಕೂ ಆಶ್ಚರ್ಯ.

ಹಾಗಾಗಿ ಹೆಸರು ಹೇಳುವುದು ಬಿಟ್ಟು ಪಟ್ಟಿ ಹೇಳಬೇಕು. ಮಗಳು ಈ ವಾಕ್ಯ ಬಾಯಿಪಾಠ ಮಾಡಲಿ: "ನೋ ಕೋಮೋ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೋ, ನಿ ವೇವೋಸ್." ಮಾಂಸ, ಹಮೋನ್, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ ಎಂದು. ಆಮೇಲೆ ತಿನ್ನುವುದನ್ನೂ ಹೇಳಲಿ: ಹಾಲು, ಚೀಸ್, ಮೊಸರು, ಬೇಳೆಕಾಳು, ಅನ್ನ, ಪಾಸ್ತಾ. ಬರೀ "ಬೇಡ" ಪಟ್ಟಿ ಕೊಟ್ಟರೆ ಆಯಮ್ಮ ಕಂಗಾಲಾಗುತ್ತಾರೆ. ಬರೆದು ಶಾಲೆಯ ಮೂಲಕ ಎರಡು ತಿಂಗಳು ಮೊದಲೇ ಆ ಮನೆಗೆ ಕಳಿಸಬೇಕು, ಹೋಗಿ ಇಳಿದ ದಿನ ಅಲ್ಲ. ಒಪ್ಪದ ಮನೆ ಇದ್ದರೆ ಮನೆ ಬದಲಾಯಿಸಲು ಆಗ ಸಮಯ ಇರುತ್ತದೆ.

ತಿನ್ನಲು ಏನೂ ಸಿಗುವುದಿಲ್ಲ ಅಂತಲ್ಲ. ಟೊಮೇಟೊ ಉಜ್ಜಿದ ಬ್ರೆಡ್, ಗಾಸ್ಪಾಚೋ ಎಂಬ ತಣ್ಣನೆ ಟೊಮೇಟೊ ಸಾರು, ಖಾರದ ಆಲೂಗೆಡ್ಡೆ, ಚುರ್ರೋ ಮತ್ತು ಬಿಸಿ ಚಾಕೊಲೇಟ್. ಆರ್ರೋಸ್ ಕೋನ್ ಲೆಚೆ ಎಂದು ಒಂದಿದೆ, ನಮ್ಮ ಅಕ್ಕಿ ಪಾಯಸವೇ, ಏಲಕ್ಕಿ ಬದಲು ದಾಲ್ಚಿನ್ನಿ. ಜೊತೆಗೆ ಗೊಜ್ಜವಲಕ್ಕಿ, ಚಟ್ನಿಪುಡಿ, ಖಾಕ್ರಾ ಕಟ್ಟಿ ಕೊಡಿ. ತುಪ್ಪದ ಡಬ್ಬಿ ಮಾತ್ರ ಬೇಡ. ಯುರೋಪಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ.

ಹೊತ್ತು ಬೇರೆ ಇರುತ್ತದೆ. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಒಂಬತ್ತೂವರೆಗೆ. ಮೇ ಕೊನೆಯಲ್ಲಿ ಆ ಹೊತ್ತಿಗೂ ಆಕಾಶದಲ್ಲಿ ಬೆಳಕು ಇರುತ್ತದೆ, ಆಶ್ಚರ್ಯಪಡಬೇಡಿ. ಊಟ ಆದ ಮೇಲೆ ತಟ್ಟೆ ಮುಂದಿಟ್ಟುಕೊಂಡೇ ಕೂತು ಹರಟುವುದಕ್ಕೆ ಅವರ ಭಾಷೆಯಲ್ಲಿ ಒಂದು ಪದವೇ ಇದೆ, ಸೊಬ್ರೆಮೇಸಾ. ತಿಂದ ತಕ್ಷಣ ರೂಮಿಗೆ ಓಡಬಾರದು, ಕೂರಬೇಕು. ನೀವು ಕೊಡುವ ಮೂರು ಲಕ್ಷದ ಪಾಠ ನಡೆಯುವುದು ಆ ಅರ್ಧ ಗಂಟೆಯಲ್ಲಿ. ಮನೆಯೊಳಗೆ ಬರಿಗಾಲಲ್ಲಿ ಓಡಾಡುವುದು ಅವರಿಗೆ ಹಿಡಿಸುವುದಿಲ್ಲ, ಮನೆ ಚಪ್ಪಲಿ ಕೊಟ್ಟು ಕಳಿಸಿ. ಸ್ವೆಟರ್ ಕೂಡ. ಊರು ನಮ್ಮ ಬೆಂಗಳೂರಿನ ಹಾಗೆ ಎತ್ತರದಲ್ಲಿದೆ, ಸುಮಾರು 800 ಮೀಟರ್. ಮೇ ತಿಂಗಳಲ್ಲೂ ಬೆಳಗ್ಗೆ ಚಳಿ ಹೊಡೆಯುತ್ತದೆ.

ಭದ್ರತೆ ಬಗ್ಗೆ ನೀವು ಕೇಳಿಲ್ಲ, ಆದರೆ ಯಜಮಾನರ ಮನಸ್ಸಿನಲ್ಲಿ ಇರುವುದು ಅದೇ ಇರಬೇಕು. ಸ್ಪೇನ್‌ನ 2015ರ ಕಾನೂನಿನ ಪ್ರಕಾರ, ಮಕ್ಕಳ ಜೊತೆ ಕೆಲಸ ಮಾಡುವವರು ತಮ್ಮ ಮೇಲೆ ಲೈಂಗಿಕ ಅಪರಾಧದ ದಾಖಲೆ ಇಲ್ಲ ಎಂಬ ಸರ್ಟಿಫಿಕೇಟ್ ಕೊಡಬೇಕು. ಆ ಸರ್ಟಿಫಿಕೇಟನ್ನು ಮಕ್ಕಳು ಉಳಿಯುವ ಮನೆಯಲ್ಲಿರುವ ದೊಡ್ಡವರೆಲ್ಲರಿಂದಲೂ ತರಿಸಿಕೊಂಡಿದ್ದೀರಾ ಎಂದು ಶಾಲೆಯವರನ್ನು ನೇರವಾಗಿ ಕೇಳಿ. ಸಂಕೋಚ ಬೇಡ. ಉತ್ತರ ತಡವರಿಸಿದರೆ ಕಳಿಸಬೇಡಿ. ಜೊತೆಗೆ ಹೋಗುವ ಶಿಕ್ಷಕರು ಎಷ್ಟು ಜನ, ಅವರಲ್ಲಿ ಹೆಂಗಸರು ಎಷ್ಟು, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು ಎನ್ನುವ ನಿಯಮ ಬರವಣಿಗೆಯಲ್ಲಿ ಇದೆಯಾ, ಇವೂ ಬೇಕು. 22 ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಲದು. ಒಂದು ಮಗುವಿಗೆ ಜ್ವರ ಬಂದರೆ ಒಬ್ಬರು ಆಸ್ಪತ್ರೆಯಲ್ಲಿ, ಉಳಿದ 21ಕ್ಕೆ ಒಬ್ಬರು ಆಗುತ್ತದೆ. ತುರ್ತು ನಂಬರ್ 112 ಎನ್ನುವುದು ಮಗಳಿಗೆ ಬಾಯಿಗೆ ಬರಬೇಕು.

ದುಡ್ಡಿನ ವಿಚಾರದಲ್ಲಿ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ವಿಮಾನಕ್ಕೆ ಎಷ್ಟು, ಕೋರ್ಸ್‌ಗೆ ಎಷ್ಟು, ಮನೆ ಊಟಕ್ಕೆ ಎಷ್ಟು, ಮಧ್ಯದ ಏಜೆನ್ಸಿಗೆ ಎಷ್ಟು ಎಂದು ಬಿಡಿಸಿ ಕೇಳಿ. ಕೋರ್ಸ್ ನಡೆಸುವ ಸಂಸ್ಥೆಗೆ ಇನ್‌ಸ್ತಿತೂತೋ ಸೆರ್ವಾಂತೆಸ್ ಮಾನ್ಯತೆ ಇದೆಯಾ ನೋಡಿ. ಅದು ಸ್ಪೇನ್ ಸರ್ಕಾರ 1991ರಲ್ಲಿ ಶುರುಮಾಡಿದ ಭಾಷಾ ಸಂಸ್ಥೆ. ಮಾನ್ಯತೆ ಪಡೆದ ಕೇಂದ್ರಗಳ ಪಟ್ಟಿ ಯಾರು ಬೇಕಾದರೂ ನೋಡಬಹುದು. ವಿದೇಶ ಪ್ರವಾಸದ ಪ್ಯಾಕೇಜಿಗೆ ಟಿಸಿಎಸ್ ಎಂದು ಒಂದಷ್ಟು ತೆರಿಗೆ ಹಿಡಿಯುತ್ತಾರೆ. ಅದು ಹೇಳಿದ ಮೊತ್ತದಲ್ಲಿ ಸೇರಿದೆಯಾ, ಯಾರ ಪ್ಯಾನ್ ನಂಬರಿಗೆ ಕಟ್ಟುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ರಿಟರ್ನ್ಸ್ ಹಾಕುವಾಗ ವಾಪಸ್ ಲೆಕ್ಕಕ್ಕೆ ಬರುತ್ತದೆ. ವೀಸಾ ಸಿಗದೆ ಹೋದರೆ ಎಷ್ಟು ಹಣ ಹಿಂತಿರುಗುತ್ತದೆ ಎನ್ನುವುದನ್ನು ಬಾಯಿಮಾತಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಕೇಳಿ.

ಒಂದು ವೇಳೆ ಈ ಮೂರು ಲಕ್ಷ ಸಾಲ ಮಾಡಿ ತರಬೇಕಾದ ದುಡ್ಡಾಗಿದ್ದರೆ, ಬೇಡ. ಖಂಡಿತ ಬೇಡ. ಕಾಲೇಜಿಗೆ ಹೋದ ಮೇಲೆ ಇದೇ ಊರಿಗೆ ಅವಳೇ ಹೋಗಬಹುದು. ಈಗ ಸೆರ್ವಾಂತೆಸ್‌ನವರ ದೆಲೆ ಎಂಬ ಸ್ಪ್ಯಾನಿಷ್ ಮಟ್ಟದ ಪರೀಕ್ಷೆ ಬರೆಯಲಿ. 11ರಿಂದ 17 ವಯಸ್ಸಿನವರಿಗೆಂದೇ ಬೇರೆ ಪರೀಕ್ಷೆ ಇದೆ. ಆ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದು ಎಂಬುದೇ ಇಲ್ಲ.

ಕಳಿಸುವುದು ಎಂದಾದರೆ ವೀಸಾ ಕೆಲಸ. ಎರಡು ವಾರಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಅಲ್ಪಾವಧಿ ವೀಸಾ ಸಾಕು. ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಬೇಸಿಗೆಯ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಮಾರ್ಚ್‌ವರೆಗೆ ಕಾಯಬೇಡಿ. 12 ದಾಟಿದ ಮಕ್ಕಳು ಬೆರಳಚ್ಚು ಕೊಡಲು ತಾವೇ ಹೋಗಬೇಕು. ಅಪ್ಪ ಅಮ್ಮ ಇಬ್ಬರ ಸಹಿ ಇರುವ ಒಪ್ಪಿಗೆ ಪತ್ರ ಬೇಕು, ಅಂದರೆ ಯಜಮಾನರನ್ನು ಹೇಗಿದ್ದರೂ ಒಪ್ಪಿಸಲೇಬೇಕು! ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಇನ್ನೊಂದು, ಎಷ್ಟೋ ಶಾಲೆಯವರಿಗೇ ಗೊತ್ತಿರದ ವಿಷಯ. ಈ ವೀಸಾದ ಶುಲ್ಕ ಈಗ 90 ಯೂರೋ. ಆದರೆ ಓದಿಗೆ, ಶೈಕ್ಷಣಿಕ ತರಬೇತಿಗೆ ಹೋಗುವ ಶಾಲಾ ಮಕ್ಕಳಿಗೂ ಜೊತೆಗೆ ಹೋಗುವ ಶಿಕ್ಷಕರಿಗೂ ಯುರೋಪಿನ ವೀಸಾ ನಿಯಮದಲ್ಲೇ ಈ ಶುಲ್ಕ ಮಾಫಿ ಇದೆ. ಅರ್ಜಿ ಪಡೆಯುವ ಕೇಂದ್ರದ ಸೇವಾ ಶುಲ್ಕ ಮಾತ್ರ ಕಟ್ಟಬೇಕು. ಶಾಲೆಯ ಪತ್ರ ಮತ್ತು ಕೋರ್ಸ್‌ಗೆ ಸೇರಿಸಿಕೊಂಡ ಪತ್ರದಲ್ಲಿ "ಪ್ರವಾಸ" ಎಂದಷ್ಟೇ ಬರೆದಿದ್ದರೆ ಕೇಳಲು ಬಾಯಿ ಇರುವುದಿಲ್ಲ. ಭಾಷಾ ಅಧ್ಯಯನ ಎಂದು ಸ್ಪಷ್ಟವಾಗಿ ಬರೆಸಿ.

ಫೋನ್ ಬಗ್ಗೆ ನಿಮಗೇ ಒಂದು ಮಾತು. ದಿನಕ್ಕೆ ನಾಲ್ಕು ಸಲ ವಿಡಿಯೋ ಕಾಲ್ ಮಾಡುವ ಅಮ್ಮಂದಿರ ಮಕ್ಕಳು ಕಲಿಯುವುದು ಕಡಿಮೆ. ಮೇ ತಿಂಗಳಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತಾರೆ. ಅಲ್ಲಿ ಮಧ್ಯಾಹ್ನ ಊಟ ಹರಟೆ ಮುಗಿದು ಎಲ್ಲರೂ ಒರಗುವ ಹೊತ್ತು ನಾಲ್ಕು ಗಂಟೆ, ಇಲ್ಲಿ ಏಳೂವರೆ. ಎರಡು ದಿನಕ್ಕೊಮ್ಮೆ ಆಗ ಹತ್ತು ನಿಮಿಷ ಮಾತಾಡಿ. ನಮ್ಮ ಒಂಬತ್ತು ಗಂಟೆ ನ್ಯೂಸ್ ಹೊತ್ತಿಗೆ ಅಲ್ಲಿ ಐದೂವರೆ. ಅವಳು ಚೌಕದಲ್ಲಿ ಗಡಿಯಾರದ ಕೆಳಗೆ ಇರಬೇಕಾದ ಸಮಯ, ಆಗ ಫೋನ್ ಮಾಡಬೇಡಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಬೀರು ತೆಗೆದು ಮಗಳ ಪಾಸ್‌ಪೋರ್ಟ್ ನೋಡಿ. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ಬರುತ್ತದೆ, ಮಕ್ಕಳದು ಐದೇ ವರ್ಷ. ವಾಪಸ್ ಬರುವ ದಿನದಿಂದ ಇನ್ನೂ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಇಲ್ಲದಿದ್ದರೆ ಶಾಲೆಗೆ ಮುಂಗಡ ಕಟ್ಟುವ ಮೊದಲು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಬನ್ನಿ.